ಎರಡನೇ ಹಿಡಿ

ಪಕ್ಕದ ಮನೆಯಲ್ಲಿ ಹೆಂಗಸೊಬ್ಬಳು ಗಂಟಲು ಹರಿಯುವ ಹಾಗೆ ಅಳುತ್ತಿದ್ದರೆ ನೀವು ಎದ್ದು ಓಡುತ್ತೀರೋ, ಟಿವಿ ಸೌಂಡು ಜಾಸ್ತಿ ಮಾಡುತ್ತೀರೋ? ಯೋಚಿಸಬೇಡಿ, ಥಟ್ಟನೆ ಹೇಳಿ. ಯೋಚಿಸಿದರೆ ಎಲ್ಲರೂ ಒಳ್ಳೆಯವರಾಗಿಬಿಡುತ್ತೀರಿ.

ನಾನು ಓಡಿದವಳು. ನಾನು ಓಡಿದ್ದಕ್ಕೆ ಒಬ್ಬ ಮನುಷ್ಯನ ಕಣ್ಣು ಹೋಯಿತು.

ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಇನ್ನೂ ತಿಂಗಳಾಗಿಲ್ಲ. ನಾನು ‘ಅಳು’ ಎಂದು ಒತ್ತಿದರೆ ಈ ಫೋನು ‘ಆಳು’ ಎಂದು ತಿದ್ದುತ್ತದೆ. ನಾನು ಹೇಳಬೇಕಾದ ಸಂಗತಿಯಲ್ಲಿ ಅಳುವೂ ಇದೆ, ಆಳುಗಳೂ ಇದ್ದಾರೆ. ಎಲ್ಲಾದರೂ ಅದಲು ಬದಲಾಗಿದ್ದರೆ ನೀವೇ ಸರಿ ಮಾಡಿಕೊಳ್ಳಿ.

ನಾನು ಹುಟ್ಟಿದ್ದು ಜಗಳೂರಿನ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಬಾರುಕೋಲು, ನೀರು ಸೇದುವ ಹಗ್ಗ, ಒಮ್ಮೆ ರೊಟ್ಟಿಯ ಹಂಚು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ನಮ್ಮ ಬೀದಿಯ ಗಂಡಸರಲ್ಲಿ ಹೊಡೆಯದವನೇ ಅಪರೂಪ. ಹೇಳಿಕೊಳ್ಳುವಂಥದ್ದು ಇದ್ದದ್ದು ಅವ್ವನ ಗಂಟಲಿನಲ್ಲಿ. ಮೊದಲ ಏಟು ಬೀಳುವ ಮೊದಲೇ ಅವಳು ಬೀದಿಗೆ ಹಾರಿ ಬಾಯಿ ಬಿಡುತ್ತಿದ್ದಳು. ಆ ದನಿಗೆ ಆರು ಮನೆಯವರು ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಬರುತ್ತಿದ್ದರು. ಒಬ್ಬಳು ಒನಕೆ, ಒಬ್ಬಳು ಮೊರ, ಇನ್ನೊಬ್ಬಳು ಸಗಣಿಯ ಕೈ. ನನ್ನ ಪಾಲಿಗೆ ಬಂದದ್ದು ಅಪ್ಪನ ಮೀನಖಂಡ. ಅಲ್ಲಿ ಹಲ್ಲು ಊರಿ ನೇತಾಡುತ್ತಿದ್ದೆ. ಅಪ್ಪ ಸತ್ತಾಗ ಮೀಯಿಸಲು ಕೂಡಿಸಿದಾಗಲೂ ನನ್ನ ಹಲ್ಲಿನ ಗುರುತು ಅಲ್ಲೇ ಇತ್ತು.

ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಎದುರಿನ, ಗಾದಿ ಹೊಲಿಯುವ ಸಾಬರ ಮನೆಯ ಅಜ್ಜಿ. ಅವರು ತಮ್ಮ ಕೋಲನ್ನು ಅಪ್ಪನ ಕುತ್ತಿಗೆಗೆ ಅಡ್ಡ ಹಿಡಿದು, ‘ಮಾರ್ ಡಾಲ್ಯಾ, ಮಾರ್ ಡಾಲ್ಯಾ’ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಹೊಡೆದು ಕೊಂದ ಎಂದು ಅದರ ಅರ್ಥ. ನನಗೆ ಬರುತ್ತಿದ್ದ ಉರ್ದು ಅಷ್ಟೇ. ಮಾರ್ ಎಂದರೆ ಹೊಡೆತ. ಮಾರ್ ಎಂದು ಕೇಳಿದರೆ ಓಡಬೇಕು. ಇದನ್ನು ಯಾರೂ ನನ್ನನ್ನು ಕೂರಿಸಿ ಕಲಿಸಲಿಲ್ಲ, ಉಸಿರಾಡುವುದನ್ನು ಕಲಿತ ಹಾಗೆ ಕಲಿತೆ.

ಎಪ್ಪತ್ತರ ದಶಕದ ನಡುವೆ ನನ್ನನ್ನು ನ್ಯಾಮತಿಗೆ ಕೊಟ್ಟರು. ಮಾವನವರದು ಒಣಮೆಣಸಿನಕಾಯಿ ವ್ಯಾಪಾರ. ಹೋದ ಒಂಬತ್ತನೆಯ ದಿನ ಅತ್ತೆಯಿಂದ ಮೊದಲ ಏಟು ಬಿತ್ತು, ಹಾಲು ಉಕ್ಕಿಸಿದ್ದಕ್ಕೆ. ಏಟಿಗಿಂತ ನನಗೆ ಬೆರಗಾದದ್ದು ಅದಕ್ಕೆ ಮೊದಲು ನಡೆದ ಕೆಲಸ. ಅತ್ತೆ ನಿಧಾನವಾಗಿ ಎದ್ದು ಬೀದಿ ಬಾಗಿಲು ಹಾಕಿದರು. ಚಿಲಕ ಹಾಕಿದರು. ಕಿಟಕಿ ಎಳೆದುಕೊಂಡರು. ಆಮೇಲೆ ಹೊಡೆದರು. ನಾನು ಅವ್ವನ ಹಾಗೆ ಬಾಯಿ ಬಿಡಲು ಹೋದರೆ ಸೆರಗನ್ನೇ ಬಾಯಿಗೆ ತುರುಕಿದರು. ಈ ಮನೆಯ ಸದ್ದು ಹೊಸಿಲು ದಾಟಬಾರದು ಎಂದರು. ನನ್ನ ಅಕ್ಕನನ್ನು ಚನ್ನಗಿರಿಗೆ ಕೊಟ್ಟಿದ್ದರು. ಅವಳ ಮನೆಯಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲವಂತೆ, ಎಲ್ಲರ ಜೊತೆ ಉಣ್ಣಲು ಕೂತಾಗ ತೊಡೆಯ ಒಳಮಗ್ಗುಲು ಹಿಡಿದು ತಿರುಚುತ್ತಿದ್ದರಂತೆ. ಆಗ ಮುಖದ ಮೇಲೆ ನಗು ಇರಬೇಕು. ಒಂದೇ ಜಾತಿ, ಒಂದೇ ದೇವರು, ಕೊರಳಲ್ಲಿ ಒಂದೇ ಲಿಂಗ. ಹೊಡೆಯುವ ರೀತಿ ಮಾತ್ರ ತಾಲ್ಲೂಕಿಗೊಂದು.

ಮನೆಯ ಹಿಂದೆ ತಗಡಿನ ಶೆಡ್ಡು. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ತಾಂಡಾದಿಂದ ಲಂಬಾಣಿ ಹೆಂಗಸರು ಬರುತ್ತಿದ್ದರು. ತೊಟ್ಟು ಬಿಡಿಸಿದ ಮೇಲೆ ನೆಲದಲ್ಲಿ ಉಳಿಯುವ ಬೀಜ, ಚೂರು, ಧೂಳನ್ನು ಗುಡಿಸಿ ಮೂಲೆಯಲ್ಲಿ ರಾಶಿ ಹಾಕುತ್ತಿದ್ದೆವು. ಅದರ ಹತ್ತಿರ ಹೋದರೇ ಸೀನು, ಕೆಮ್ಮು, ಕಣ್ಣಲ್ಲಿ ನೀರು. ಹೊಸ ಸೊಸೆಗೆ ಆ ಶೆಡ್ಡಿನ ಮೇಲ್ವಿಚಾರಣೆ ಕೊಟ್ಟಿದ್ದರು, ಅಂದರೆ ಅಡುಗೆ ಮನೆಯಲ್ಲಿ ನಾನು ಬೇಡವಾಗಿದ್ದೆ. ನಮ್ಮೂರ ಆಚೆಗೂ ತಾಂಡಾ ಇತ್ತು. ಆದರೆ ಆ ಜನರನ್ನು ನಾನು ನೋಡಿದ್ದು ಸಂತೆಯಲ್ಲಿ, ಅದೂ ಅವರ ಬಟ್ಟೆಯ ಕನ್ನಡಿಗಳನ್ನು, ಅವರನ್ನಲ್ಲ.

ಆ ಹೆಂಗಸರಲ್ಲಿ ಒಬ್ಬಳು ನನ್ನ ವಯಸ್ಸಿನವಳು. ಕೈ ಬಲು ಚುರುಕು. ನನ್ನ ಜಗಳೂರು ಮಾತನ್ನು ಅಣಕಿಸಿ ನಗುತ್ತಿದ್ದಳು. ನಾನು ಅವಳ ಕನ್ನಡವನ್ನು ಅಣಕಿಸುತ್ತಿದ್ದೆ. ಆ ಮನೆಯಲ್ಲಿ ನನ್ನ ಜೊತೆ ನಗುತ್ತಿದ್ದವಳು ಅವಳೊಬ್ಬಳೇ. ಒಂದು ಬೆಳಿಗ್ಗೆ ನನ್ನ ಕೆನ್ನೆಯ ಮೇಲೆ ಅತ್ತೆಯ ಐದು ಬೆರಳು ನೋಡಿದಳು. ಸ್ವಲ್ಪ ಹೊತ್ತು ತೊಟ್ಟು ಬಿಡಿಸಿ, ಆಮೇಲೆ ಮೆಲ್ಲಗೆ ಕೇಳಿದಳು:

“ಅಮ್ಮಾರೆ, ನಿಮ್ಮ ಮನ್ಯಾಗೆ ಅಳಾಕೂ ಬಿಡಲ್ಲೇನ್ರೀ?”

ನಾನು ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡೆ. ಅವಳು ಮಾತು ತಿರುಗಿಸಿ ತನ್ನ ಅಣ್ಣನ ವಿಷಯ ತೆಗೆದಳು. ಅವಳಿಗೆ ಆ ಅಣ್ಣನದೇ ಜಪ. ಅವನು ಎರಡು ವರ್ಷದಿಂದ ಚನ್ನಗಿರಿ ಕಡೆ ಲಾರಿಯಲ್ಲಿ ಕ್ಲೀನರಾಗಿದ್ದ. ತಾಯಿಯೂ ಅವನ ಜೊತೆಗೇ ಇದ್ದಳು. ರಾತ್ರಿ ಲಾರಿ ಖಾಲಿ ಇದ್ದಾಗ ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಈಗ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅವನಿಗೆ ಕಾಗದ ಬಂದಿತ್ತು. ಉಳಿದದ್ದು ಒಂದೇ, ಶಿವಮೊಗ್ಗದಲ್ಲಿ ಕಣ್ಣಿನ ಪರೀಕ್ಷೆ. ತಾಂಡಾದಲ್ಲಿ ಯಾರಿಗೂ ಅಂಥ ಕೆಲಸ ಸಿಕ್ಕಿರಲಿಲ್ಲ. ನಮ್ಮಣ್ಣ ಓಡಿಸೋ ಬಸ್ಸಿನ ಮುಂದಿನ ಸೀಟಿನಲ್ಲಿ ನಿಮ್ಮನ್ನು ಕೂರಿಸಿ ಜಗಳೂರಿಗೆ ಕಳಿಸುತ್ತೇನೆ ಎನ್ನುತ್ತಿದ್ದಳು. ಅವನ ಕಣ್ಣು ಹದ್ದಿನ ಕಣ್ಣಂತೆ, ಗುಡ್ಡದ ಮೇಲಿನ ಕುರಿಯ ಕಿವಿ ಹರಿದಿರುವುದನ್ನೂ ಇಲ್ಲಿಂದಲೇ ಹೇಳುತ್ತಾನಂತೆ.

ಆ ಅಣ್ಣನನ್ನು ನಾನು ನೋಡಿರಲಿಲ್ಲ.

ಪರೀಕ್ಷೆಗೆ ಇನ್ನು ಏಳು ದಿನ ಇರುವಾಗ ಒಂದು ಮಧ್ಯಾಹ್ನ. ನಮ್ಮ ಯಜಮಾನರು, ಮಾವ, ಇಬ್ಬರು ಹಮಾಲರು ಮನೆಯೊಳಗೆ ಉಣ್ಣುತ್ತಿದ್ದರು. ಉಳಿದ ಹೆಂಗಸರು ಬುತ್ತಿ ಹಿಡಿದು ಹುಣಸೆಮರದ ಕೆಳಗೆ ಹೋಗಿದ್ದರು. ಅವಳೊಬ್ಬಳು ಕೊನೆಯ ಬುಟ್ಟಿ ಮುಗಿಸುತ್ತಿದ್ದಳು. ನಾನು ಚೀಲದ ಬಾಯಿ ಹೊಲಿಯುವ ದಬ್ಬಣ ಹುಡುಕಿಕೊಂಡು ಶೆಡ್ಡಿನ ಆ ಕಡೆಗೆ ಹೋದೆ. ಹಿಂದಿನಿಂದ ಚೀರಾಟ ಕೇಳಿತು.

ತಿರುಗಿ ನೋಡಿದರೆ, ಖಾಕಿ ಪ್ಯಾಂಟಿನ ಗಂಡಸೊಬ್ಬ ಅವಳ ಕತ್ತಿಗೆ ಕೈ ಹಾಕಿದ್ದ. ಅವಳ ತಲೆ ಅವನ ಎದೆಗೆ ಒತ್ತಿಕೊಂಡಿತ್ತು. ಅವಳ ಮೈಯೆಲ್ಲ ಅದುರುತ್ತಿತ್ತು. ಅವಳು ಬಿಟ್ಟು ಬಿಟ್ಟು, ಉಸಿರು ಎಳೆದು ಎಳೆದು ಅರಚುತ್ತಿದ್ದಳು. ಅದರಲ್ಲಿ ನನಗೆ ತಿಳಿದ ಮಾತು ಒಂದೇ. ಮಾರ್. ಮತ್ತೆ ಮಾರ್. ಮತ್ತೆ ಮಾರ್.

ನನ್ನೊಳಗೆ ಜಗಳೂರು ಎದ್ದು ನಿಂತಿತು. ಮೂರು ತಿಂಗಳಿಂದ ಬಾಯಿಗೆ ತುರುಕಿದ್ದ ಸೆರಗು ಯಾರೋ ಕಿತ್ತ ಹಾಗಾಯಿತು. ಕೈಗೆ ಸಿಕ್ಕಿದ್ದು ಮೂಲೆಯ ರಾಶಿ. ಒಂದು ಹಿಡಿ ಬಾಚಿ, ಓಡಿ, ಎಸೆದೆ. ಅದು ಗುರಿ ತಪ್ಪಿ ಅವಳ ಬೆನ್ನಿಗೂ ಮುಸುಕಿಗೂ ಬಿತ್ತು. ಅವಳು ತಿರುಗಿ ನನ್ನ ಕಡೆ ಕೈ ಚಾಚಿ ಏನೋ ಕೂಗಿದಳು. ಕಾಪಾಡಿ ಎನ್ನುತ್ತಿದ್ದಾಳೆ ಎಂದುಕೊಂಡೆ. ವಾಪಸ್ ಓಡಿ ಇನ್ನೊಂದು ಹಿಡಿ ತುಂಬಿಕೊಂಡೆ. ಅವಳು ಇನ್ನೂ ಕೂಗುತ್ತಲೇ ಇದ್ದಳು. ಈ ಸಲ ಅವನ ಮುಖದಿಂದ ಎರಡು ಮೊಳ ದೂರ ನಿಂತು ಎಸೆದೆ. ಅವನ ಕಣ್ಣುಗಳು ಅಗಲವಾಗಿ ತೆರೆದಿದ್ದವು, ಒದ್ದೆಯಾಗಿದ್ದವು. ಒದ್ದೆ ಕಣ್ಣಿಗೆ ಮೆಣಸಿನ ಧೂಳು ಅಂಟಿಕೊಂಡಿತು.

ಅವನು ಕೂಗಿದ ಕೂಗನ್ನು ನಾನು ಇಲ್ಲಿ ಒತ್ತಲಾರೆ. ಅದಕ್ಕೆ ಈ ಫೋನಿನಲ್ಲಿ ಅಕ್ಷರವಿಲ್ಲ.

ಎರಡೂ ಕೈ ಗಾಳಿಯಲ್ಲಿ ಬೀಸುತ್ತ ಸುತ್ತು ತಿರುಗಿದ. ಒಂದು ಕೈ ನನ್ನ ದವಡೆಗೆ ಬಡಿಯಿತು. ನಾನು ಅವ್ವನ ಗಂಟಲಿನಲ್ಲಿ ಬಾಯಿ ಬಿಟ್ಟೆ. ಎಂಜಲು ಕೈಯಲ್ಲೇ ಗಂಡಸರು ಓಡಿ ಬಂದರು. ಸೊಸೆ ದವಡೆ ಹಿಡಿದು ನಿಂತಿದ್ದಾಳೆ, ಯಾವನೋ ಕೈ ಬೀಸುತ್ತಿದ್ದಾನೆ. ಅವರಿಗೆ ಅಷ್ಟು ಸಾಕಾಯಿತು. ಯಜಮಾನರು ತಕ್ಕಡಿಯ ಕಬ್ಬಿಣದ ದಂಡಿಗೆಯನ್ನು ಕಿತ್ತುಕೊಂಡರು. ಹಮಾಲರು ಚೀಲ ಎಳೆಯುವ ಕೊಕ್ಕೆ ಹಿಡಿದರು. ಮೊದಲ ಏಟು ಮೊಣಕಾಲಿಗೆ, ಕುಸಿದ. ಕೊಕ್ಕೆ ಭುಜಕ್ಕೆ ಸಿಕ್ಕಿ ಅಂಗಿಯ ಜೊತೆ ಚರ್ಮವೂ ಬಂತು. ಅವಳು ಅವನ ಮೇಲೆ ಬಿದ್ದಳು. ಅವಳ ಮೇಲೂ ಬಿತ್ತು. ಮೊಣಕೈವರೆಗೆ ಹಾಕಿದ್ದ ಬಳೆಗಳು ಪಟಪಟ ಒಡೆದು ಮೆಣಸಿನಕಾಯಿಯ ನಡುವೆ ಚೆಲ್ಲಿದವು. ಕೆಂಪಿನ ಮೇಲೆ ಕೆಂಪು, ರಕ್ತ ಯಾವುದು ಎಂದು ಗುರುತಿಸಲಾಗಲಿಲ್ಲ. ಹೊಡಿ, ಬಿಡಬೇಡ ಎಂದು ನಾನೇ ಕೂಗುತ್ತಿದ್ದೆ. ಖುಷಿಯಾಗಿತ್ತು. ಸುಳ್ಳು ಯಾಕೆ ಬರೆಯಲಿ, ಬಹಳ ಖುಷಿಯಾಗಿತ್ತು. ಈ ಊರಲ್ಲೂ ಹೆಣ್ಣಿನ ಕೂಗಿಗೆ ಜನ ಓಡಿ ಬಂದರಲ್ಲ ಎಂದು.

ಹುಣಸೆಮರದ ಕೆಳಗಿಂದ ಹೆಂಗಸರು ಬರುವವರೆಗೂ ಅದು ನಿಲ್ಲಲಿಲ್ಲ. ಅವರಲ್ಲಿ ಹಿರಿಯಳು ಯಜಮಾನರ ದಂಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು.

“ಇವನು ಈಕೆ ಒಡಹುಟ್ಟಿದ ಅಣ್ಣ ಕಣ್ರೀ. ಇವರವ್ವ ಸತ್ತುಹೋದ್ಲು, ಅದನ್ನ ಹೇಳಾಕೆ ನಮ್ಮನ್ನ ಕೇಳ್ಕಂಡೇ ಇಲ್ಲಿಗೆ ಬಂದಾನೆ.”

ನನಗೆ ಅರ್ಥವಾಗಲಿಲ್ಲ. ಹಾಗಾದರೆ ಅವಳು ಮಾರ್ ಮಾರ್ ಎಂದು ಯಾಕೆ ಅರಚಿದಳು ಎಂದು ಕೇಳಿದೆ. ಆ ಹಿರಿಯಳು ನನ್ನನ್ನು ನೋಡಿದ ನೋಟ ಮೆಣಸಿಗಿಂತ ಖಾರವಾಗಿತ್ತು. ನಮ್ಮ ಮಾತಿನಲ್ಲಿ ಮಾರ್ ಅಂದರೆ ನನ್ನ, ಮಾರ್ ಯಾಡಿ ಅಂದರೆ ನನ್ನ ಅವ್ವ ಎಂದಳು.

ಅತ್ತೆ ನೀರು ತಂದು ಸುರಿದರು, ಉರಿ ಇನ್ನೂ ಹೆಚ್ಚಾಗಿ ಅವನು ನೆಲಕ್ಕೆ ತಲೆ ಚಚ್ಚಿಕೊಂಡ. ಆಗ ಮಗುವಿದ್ದ ಒಬ್ಬ ಹೆಂಗಸು ಅಲ್ಲೇ ಚಕ್ಕಳಮಕ್ಕಳ ಕೂತು, ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ರೆಪ್ಪೆ ಬಿಡಿಸಿ ತನ್ನ ಎದೆಹಾಲನ್ನು ಕಣ್ಣಿಗೆ ಹಿಂಡಿದಳು. ನಮ್ಮ ಮನೆಯ ಗಂಡಸರು ಮುಖ ತಿರುಗಿಸಿ ನಿಂತರು. ಅಷ್ಟು ಹೊತ್ತು ಯಾವುದಕ್ಕೂ ನಾಚದವರು ಅದಕ್ಕೆ ನಾಚಿದರು.

ಸಂಜೆಯೊಳಗೆ ಮಾವ ಊರಿಗೆಲ್ಲ ಒಂದು ಕಥೆ ಹಬ್ಬಿಸಿದ್ದರು. ಯಾರೋ ಹಿಂದಿನಿಂದ ನುಗ್ಗಿದ, ಸೊಸೆಯ ಮೇಲೆ ಕೈ ಮಾಡಿದ, ಹುಡುಗರು ನಾಲ್ಕು ಬಿಟ್ಟರು. ಸಾಕ್ಷಿಗೆ ನನ್ನ ದವಡೆ ಹಲಸಿನ ತೊಳೆಯಂತೆ ಊದಿತ್ತು.

ಮರುದಿನ ಬೆಳಿಗ್ಗೆ ತಾಂಡಾದ ಮುಖ್ಯಸ್ಥರು ಹತ್ತು ಹನ್ನೆರಡು ಜನರೊಂದಿಗೆ ನಮ್ಮ ಬೀದಿಯಲ್ಲಿ ಬಂದು ನಿಂತರು. ಎಲ್ಲರ ಕೈಯಲ್ಲೂ ದೊಣ್ಣೆ. ಅವನೂ ಇದ್ದ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಂಗಿಯ ಭುಜ ಹಿಡಿದುಕೊಂಡು. ನಮ್ಮ ಕಡೆಯೂ ಗಂಡಸರು ಸೇರಿದರು. ಒಬ್ಬ ಕೆಮ್ಮಿದರೂ ತಲೆ ಉರುಳುವ ಹಾಗಿತ್ತು. ಮುಖ್ಯಸ್ಥರು ದನಿ ಎತ್ತಲಿಲ್ಲ. ನಮ್ಮ ಹುಡುಗನದು ತಪ್ಪಿದ್ದರೆ ನಾವೇ ಅವನ ಕೈ ಕಡಿಯುತ್ತೇವೆ, ಏನು ಮಾಡಿದ ಹೇಳಿ ಎಂದರು. ಮಾವ ಬಾಗಿಲ ಸಂದಿಯಲ್ಲಿದ್ದ ನನ್ನ ದವಡೆಯ ಕಡೆ ಬೊಟ್ಟು ಮಾಡಿದರು.

ನಾನು ಹೊರಗೆ ಬಂದೆ. ಸೊಸೆಯಾದವಳು ಹಾಗೆ ಬೀದಿಯ ಗಂಡಸರ ಮುಂದೆ ಬರುವಂತಿರಲಿಲ್ಲ.

“ಮೊದ್ಲು ಕೈ ಮಾಡಿದ್ದು ನಾನು,” ಎಂದೆ. “ಅವರ ಕಣ್ಣಿಗೆ ಮೆಣಸಿನ ಧೂಳು ಎಸೆದೆ. ಕಣ್ಣು ಕಾಣ್ದೆ ಅವರ ಕೈ ನನಗೆ ತಗುಲ್ತು.”

ಎಷ್ಟು ಎಸೆದಿರಿ ಎಂದು ಮುಖ್ಯಸ್ಥರು ಕೇಳಿದರು. ಒಂದು ಹಿಡಿ ಎಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

ಮುಖ್ಯಸ್ಥರು ಅವನ ಕಡೆ ತಿರುಗಿ, ನಿನಗೇನು ಬೇಕು ಕೇಳು ಎಂದರು. ದಂಡ ಕೇಳುತ್ತಾನೋ, ಏಟಿಗೆ ಏಟು ಕೇಳುತ್ತಾನೋ ಎಂದು ಎಲ್ಲರೂ ಉಸಿರು ಹಿಡಿದರು. ಅವನು ಬಟ್ಟೆಯ ಹಿಂದಿನಿಂದ ಹೇಳಿದ:

“ಇನ್ನಾರು ದಿನಕ್ಕೆ ಪರೀಕ್ಷೆ ಐತ್ರಿ. ನನಗೆ ಕಣ್ಣು ಬೇಕು.”

ಯಾರ ದೊಣ್ಣೆಯೂ ಏಳಲಿಲ್ಲ. ಅವನನ್ನು ನಮ್ಮ ಖರ್ಚಿನಲ್ಲೇ ಹೊನ್ನಾಳಿಯ ಡಾಕ್ಟರ ಹತ್ತಿರ ಕರೆದೊಯ್ಯಬೇಕು ಎಂದಾಯಿತು. ಅವರು ಹಿಂತಿರುಗಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ನಮ್ಮ ಮನೆಯ ಬಾಗಿಲು ಮುಚ್ಚಿತು. ಚಿಲಕ, ಕಿಟಕಿ, ಎಲ್ಲ ಕ್ರಮವಾಗಿ. ಮಾವನ ಮಾತನ್ನು ಬೀದಿಯಲ್ಲಿ ಸುಳ್ಳು ಮಾಡಿದ್ದಕ್ಕೆ ಯಜಮಾನರು ನನ್ನ ಜಡೆ ಕೈಗೆ ಸುತ್ತಿಕೊಂಡು ಕಂಬಕ್ಕೆ ಗುದ್ದಿದರು. ಅತ್ತೆ ಸೆರಗು ತುರುಕಲು ಬಂದಾಗ ಅವರ ಹೆಬ್ಬೆರಳನ್ನು ಕಚ್ಚಿದೆ. ಅಪ್ಪನ ಮೀನಖಂಡದಲ್ಲಿ ಪಳಗಿದ ಹಲ್ಲುಗಳು. ಆಮೇಲೆ ಬಾಯಿ ಬಿಟ್ಟೆ ನೋಡಿ, ಹೊಸಿಲು, ಬೀದಿ, ಬಸ್‌ಸ್ಟ್ಯಾಂಡು ಎಲ್ಲ ದಾಟುವ ಹಾಗೆ.

ಪಕ್ಕದ ಮನೆಯಿಂದ ಯಾರೂ ಬರಲಿಲ್ಲ, ಎದುರು ಮನೆಯಿಂದಲೂ ಇಲ್ಲ. ಆದರೆ ಬೀದಿಯ ಕೊನೆಯಲ್ಲಿ ತಾಂಡಾದ ಜನ ನಿಂತರಂತೆ. ಅವಳು ತಿರುಗಿ ನಮ್ಮ ಮುಚ್ಚಿದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದಳಂತೆ. ಆಮೇಲೆ ಅಣ್ಣನ ಕೈ ತನ್ನ ಭುಜದ ಮೇಲೆ ಸರಿಯಾಗಿ ಇಟ್ಟುಕೊಂಡು ನಡೆದಳಂತೆ.

ಬಲಗಣ್ಣು ತಿಳಿಯಾಯಿತು. ಎಡಗಣ್ಣಿನ ಕಪ್ಪಿನ ಮೇಲೆ ಅನ್ನದ ಅಗುಳಿನಷ್ಟು ಬಿಳಿ ಉಳಿಯಿತು. ಶಿವಮೊಗ್ಗದಲ್ಲಿ ಒಂದು ಕಣ್ಣು ಮುಚ್ಚಿ ಅಕ್ಷರ ಓದಿಸಿದರಂತೆ. ಕೆಲಸದ ಕಾಗದವನ್ನು ಅವನಿಂದ ವಾಪಸ್ ಪಡೆದರು.

ಅವಳು ನಮ್ಮ ಶೆಡ್ಡಿಗೆ ಮತ್ತೆ ಬರಲಿಲ್ಲ. ಉಳಿದವರು ಸುಗ್ಗಿಗೆ ಬಂದರು, ಅವರಿಗೂ ಹೊಟ್ಟೆಯಿದೆ. ಅವರ ಕಾಲು ಕಾಲು ಸುತ್ತಿ ನಾನು ಕೇಳಿ ತಿಳಿದುಕೊಂಡೆ. ಬಹಳ ದಿನ ಕಾಣದ ಬಳಗ ಸಿಕ್ಕರೆ ಅವರ ಹೆಂಗಸರು ಮೊದಲು ಕತ್ತಿಗೆ ಬಿದ್ದು ಅಳುತ್ತಾರೆ. ಯಾರೂ ಸಾಯದಿದ್ದರೂ ಅಳುತ್ತಾರೆ. ಆ ಅಳುವಿಗೆ ರಾಗವಿದೆ. ಕಾಣದಿದ್ದ ಅಷ್ಟೂ ದಿನದ ಸುದ್ದಿಯನ್ನು ಅದರಲ್ಲೇ ಹೇಳಿ ಮುಗಿಸುತ್ತಾರೆ, ಹುಟ್ಟಿದ್ದು, ಸತ್ತದ್ದು, ಎಮ್ಮೆ ಕರು ಹಾಕಿದ್ದು. ಆಮೇಲೆ ಮೂಗು ಒರೆಸಿಕೊಂಡು ನಗುತ್ತ ಊಟಕ್ಕೆ ಕೂರುತ್ತಾರೆ. ನಾವಾದರೋ ಮೈಮೇಲೆ ಬಾಸುಂಡೆ ಇಟ್ಟುಕೊಂಡು, ತವರಿನವರು ಬಂದಾಗ ಎಲ್ಲ ಆರಾಮ ಎಂದು ನಗುತ್ತ ಕಾಫಿ ಕೊಡುತ್ತಿದ್ದೆವು. ನಮ್ಮ ನಗುವನ್ನು ಕೇಳಿ ಅವರು ಯಾರೂ ಮೆಣಸಿನ ಧೂಳು ಹಿಡಿದು ಓಡಿ ಬರಲಿಲ್ಲ.

ಯಾರು ಕೇಳಿದರೂ ನಾನು ಇದನ್ನು ಭಾಷೆ ತಿಳಿಯದೆ ಆದ ಎಡವಟ್ಟು ಎಂದೇ ಹೇಳುತ್ತಿದ್ದೆ. ಮಾರು ಎಂದರೆ ಕನ್ನಡದಲ್ಲಿ ವ್ಯಾಪಾರ, ಉರ್ದುವಿನಲ್ಲಿ ಹೊಡೆತ, ಲಂಬಾಣಿಯಲ್ಲಿ ನನ್ನ. ನಾದಿನಿಯರು, ಮಕ್ಕಳು, ಬೀಗರು ಎಲ್ಲರ ಮುಂದೆ ಕೈ ಬಾಯಿ ತಿರುಗಿಸಿ ಹೇಳಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಪ್ರತಿ ಸಲವೂ ಒಂದೇ ಹಿಡಿ ಎಸೆಯುತ್ತಿದ್ದೆ.

ಎಂಬತ್ತರ ದಶಕದಲ್ಲಿ ಒಂದು ದಿನ ಅಕ್ಕನನ್ನು ನೋಡಲು ಹೊರಟು ಹೊನ್ನಾಳಿಯಲ್ಲಿ ಚನ್ನಗಿರಿಯ ಪ್ರೈವೇಟ್ ಬಸ್ಸು ಹತ್ತಿದೆ. ಬಾಗಿಲಲ್ಲಿ ನೇತಾಡುತ್ತ ಸಾಸ್ವೆಹಳ್ಳಿ, ಬಸವಾಪಟ್ಟಣ ಎಂದು ಕೂಗುತ್ತಿದ್ದ ಕಂಡಕ್ಟರ್ ಟಿಕೆಟ್ ಕೊಡಲು ಬಾಗಿದಾಗ ಅವನ ಎಡಗಣ್ಣಿನಲ್ಲಿ ಆ ಬಿಳಿ ಅಗುಳು ಕಂಡಿತು. ಅವನು ನನ್ನನ್ನು ಬಲಗಣ್ಣಿನಿಂದ ಒಂದು ಕ್ಷಣ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಪಕ್ಕದ ಸೀಟಿನಲ್ಲಿ ಅವಳು ಕೂತಿದ್ದಳು. ಕನ್ನಡಿಯ ಬಟ್ಟೆ ಬಿಟ್ಟು ಸೀರೆ ಉಟ್ಟಿದ್ದಳು. ಕೈಯಲ್ಲಿ ಎರಡೇ ಬಳೆ.

ನಾನು ಸುಮ್ಮನಿರಬೇಕಿತ್ತು. ಆದರೆ ಈ ನಾಲಿಗೆ ಯಾವತ್ತು ಸುಮ್ಮನಿತ್ತು? ಕಲಿತದ್ದನ್ನು ತೋರಿಸಿಕೊಳ್ಳುವ ಚಪಲ ಬೇರೆ. ಮಾರ್ ಭೇನ್, ನನ್ನ ತಂಗಿ, ಚೆನ್ನಾಗಿದ್ದೀಯಾ ಎಂದೆ. ಅವಳು ನಗಲಿಲ್ಲ. ನನ್ನ ತುಟಿಯನ್ನೇ ನೋಡಿದಳು, ಆ ಮಾತನ್ನು ನಾನು ಎಲ್ಲಿಂದ ಎತ್ತಿಕೊಂಡು ಬಂದೆ ಎನ್ನುವ ಹಾಗೆ. ಬಸ್ಸು ತುಂಗಭದ್ರೆಯ ಸೇತುವೆ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ನಾನೇ ಸಮಾಧಾನಕ್ಕೆಂದು ಶುರು ಮಾಡಿದೆ. ತಪ್ಪು ನಮ್ಮಿಬ್ಬರದೂ ಅಲ್ಲ, ಭಾಷೆಯದು ಎಂದೆ. ಅವತ್ತು ನೀನು ನಿಮ್ಮ ಮಾತಿನಲ್ಲಿ ಅಳುತ್ತಿದ್ದೆ, ನನಗೆ ಹೇಗೆ ತಿಳಿಯಬೇಕು, ಕನ್ನಡದಲ್ಲಿ ಒಂದೇ ಒಂದು ಮಾತು ಕೂಗಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ ಎಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

“ನಮ್ಮಣ್ಣ ಕಣ್ರೀ, ಹೊಡೀಬ್ಯಾಡ್ರಿ ಅಂತ ಕನ್ನಡದಾಗೇ ಮೂರು ಸಾರಿ ಕೂಗಿದ್ದೆ, ಅಮ್ಮಾರೆ. ಅವಾಗ ನೀವು ಬಗ್ಗಿ ಎರಡನೇ ಹಿಡಿ ತುಂಬ್ಕಂತಿದ್ರಿ.”